ಅಕ್ಕ ನಕ್ಕದ್ದೇ ಕಾರಣವಂತೆ

ಮಾನ್ಯ ವಿಚಾರಣಾಧಿಕಾರಿಗಳೇ,

ನಮ್ಮ ಕಾರ್ಖಾನೆಯಲ್ಲಿ ಆ ಮಧ್ಯಾಹ್ನ ಕೆಲಸ ನಿಂತದ್ದಕ್ಕೆ ನನ್ನ ಅಕ್ಕನ ನಗುವೇ ಪ್ರಚೋದನೆ ಎಂದು ತಾವು ವರದಿ ಕೊಟ್ಟಿದ್ದೀರಿ. ಆ ಒಂದು ವಾಕ್ಯದ ಬಲದಿಂದ ಅವಳನ್ನು ಅಮಾನತಿನಲ್ಲಿಟ್ಟಿದ್ದಾರೆ. ಇನ್ನು ಕೆಲಸದಿಂದಲೇ ತೆಗೆಯುತ್ತಾರಂತೆ. ಒಬ್ಬ ಹೆಂಗಸಿನ ನಗುವಿಗೆ ಇಡೀ ಕಾರ್ಖಾನೆಯನ್ನು ನಿಲ್ಲಿಸುವಷ್ಟು ಶಕ್ತಿಯಿದೆ ಎಂದು ಕಂಡುಹಿಡಿದ ತಮ್ಮ ಸೂಕ್ಷ್ಮದೃಷ್ಟಿಗೆ ಅಡ್ಡಬಿದ್ದೆ.

ನಾವು ತಯಾರಿಸುವುದು ಗಾಜು ಒರೆಸುವ ದ್ರಾವಣದ ಬಾಟಲಿಗಳ ಮೇಲೆ ಕೂರುವ ಟ್ರಿಗರ್. ಬೆಲ್ಟಿನ ಮೇಲೆ ಬಂದ ಪ್ರತಿಯೊಂದನ್ನೂ ನೀರಿನ ಬಾಟಲಿಗೆ ಸಿಕ್ಕಿಸಿ, ಒತ್ತಿ, ನೀರು ಚಿಮ್ಮಿತೇ ಎಂದು ನೋಡುವುದು ಅಕ್ಕನ ಕೆಲಸ. ದಿನವಿಡೀ ಅದೇ. ಮನೆಗೆ ಬಂದರೂ ಅವಳ ತೋರುಬೆರಳು ಸುಮ್ಮನಿರುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಒತ್ತುತ್ತದೆ, ಮಗಳಿಗೆ ಜಡೆ ಹಾಕುವಾಗ ಅವಳ ಕತ್ತನ್ನು ಒತ್ತುತ್ತದೆ. "ಅಮ್ಮಾ, ನಾನೇನು ಬಾಟ್ಲಿನಾ?" ಎನ್ನುತ್ತಾಳೆ ಹುಡುಗಿ. ಮೊದಮೊದಲು ನಾವೂ ನಗುತ್ತಿದ್ದೆವು. ಈಗ ನೋಡಲಾಗುವುದಿಲ್ಲ.

ಆ ದಿನ ಬೆಲ್ಟಿನ ವೇಗವನ್ನು ಮತ್ತೊಮ್ಮೆ ಏರಿಸಿದ್ದರು. "ಬೆರಳು ಮರಗಟ್ತಿದೆ ಸಾರ್, ಸ್ವಲ್ಪ ನಿಧಾನ ಮಾಡ್ಸಿ" ಎಂದಳು ಅಕ್ಕ. ಮೇಲ್ವಿಚಾರಕರು, "ಇದೇನ್ ಮಹಾ ಕೆಲ್ಸ, ಕೊಡಿಲ್ಲಿ" ಎಂದು ಅವಳ ಕೈಯಿಂದ ಬಾಟಲಿ ಕಿತ್ತುಕೊಂಡು ಒತ್ತಿದರು. ಟ್ರಿಗರಿನ ಮೂತಿ ಅವರ ಕಡೆಗೇ ತಿರುಗಿತ್ತು. ಕನ್ನಡಕ, ಮೀಸೆ, ಟೈ ಎಲ್ಲಕ್ಕೂ ಜಳಕವಾಯಿತು.

"ಇದು ಪಾಸು ಸಾರ್" ಎಂದಳು ಅಕ್ಕ. ಹೇಳಿ ನಕ್ಕಳು. ಇಡೀ ಸಾಲು ನಕ್ಕಿತು. ನಗುವಾಗ ಕೈಗಳು ನಿಂತವು. ನಿಂತ ಮೇಲೇ ಎಷ್ಟು ನೋಯುತ್ತಿದೆ ಎಂದು ಗೊತ್ತಾದದ್ದು. ಮತ್ತೆ ಶುರುಮಾಡಲು ಯಾರಿಗೂ ಮನಸ್ಸು ಬರಲಿಲ್ಲ, ಅಷ್ಟೇ.

ಸ್ವಾಮಿ, ಟ್ರಿಗರ್ ವಿಷಯ ನಮಗೂ ಅಷ್ಟಿಷ್ಟು ಗೊತ್ತು. ಬಾಟಲಿ ಖಾಲಿಯಿದ್ದರೆ ಎಷ್ಟು ಒತ್ತಿದರೂ ಒಂದು ಹನಿ ಬರುವುದಿಲ್ಲ. ಒಳಗೆ ತುಂಬಿದವರು ಯಾರು ಎಂದು ಕೇಳಿದಿರಾ? ವೇಗ ಏರಿಸಿದವರನ್ನು ಕರೆಸಿದಿರಾ? ಕೊಂಬೆ ಮುರಿದದ್ದಕ್ಕೆ ಕಾಗೆಯ ಮೇಲೆ ಮೊಕದ್ದಮೆ ಹೂಡಿದ್ದೀರಲ್ಲ, ಕೊಂಬೆ ಯಾವಾಗಿನಿಂದ ಒಣಗಿತ್ತು ಎಂದು ಯಾರು ನೋಡಬೇಕು? ಹೋಗಲಿ, ಅಕ್ಕನ ಬೆರಳನ್ನಾದರೂ ನೋಡಬಹುದಿತ್ತು. ತಮ್ಮೆದುರು ಕೂತು ಉತ್ತರ ಹೇಳುವಾಗಲೂ ಅದು ಮೇಜನ್ನು ಒತ್ತುತ್ತಲೇ ಇತ್ತು. "ವಿಚಾರಣೆಯ ವೇಳೆ ಮೇಜು ಕುಟ್ಟಿ ಅಗೌರವ ತೋರಿದರು" ಎಂದು ಅದನ್ನೂ ಬರೆದಿರಿ!

ಆ ಎರಡೂ ವಾಕ್ಯಗಳನ್ನು ಹಿಂತೆಗೆದುಕೊಳ್ಳಿ. ಅಕ್ಕನನ್ನು ಕೆಲಸಕ್ಕೆ ಕರೆಸಿ, ಬೆಲ್ಟಿನ ವೇಗ ಇಳಿಸಲು ಆದೇಶ ಕೊಡಿ. ನಂಬಿಕೆ ಬಾರದಿದ್ದರೆ ಒಂದು ಪಾಳಿ ನಮ್ಮ ಜೊತೆ ಕೂತು ಒತ್ತಿ ನೋಡಿ. ಆಮೇಲೆ ಅದೇ ಬೆರಳಿನಿಂದ ಪೆನ್ನು ಹಿಡಿದು ಹೊಸ ವರದಿ ಬರೆಯಿರಿ. ತಡಮಾಡಬೇಡಿ. ಅಕ್ಕನ ಸ್ಟೂಲಿನ ಮೇಲೆ ಈಗ ನನ್ನನ್ನು ಕೂರಿಸಿದ್ದಾರೆ. ನಿನ್ನೆ ಮನೆಯಲ್ಲಿ ಊಟದ ಹೊತ್ತಿನಲ್ಲಿ ನನ್ನ ಬೆರಳೂ ತಟ್ಟೆಯ ಅಂಚನ್ನು ಒತ್ತಿತು. ಅಕ್ಕ ನೋಡಿದಳು. ಮೇಲ್ವಿಚಾರಕರು ದಿನವೂ ಅದೇ ಟೈ ಕಟ್ಟಿಕೊಂಡು ನನ್ನ ಮುಂದೆಯೇ ಓಡಾಡುತ್ತಾರೆ.

ಇಂತಿ,
ಸದ್ಯಕ್ಕೆ ನಗು ತಡೆದುಕೊಂಡಿರುವ,
ಅವಳ ತಮ್ಮ