ಒಲೆಗೆ ಹಾಕದ ಕಾಗದ

ಕೂಡ್ಲಿಗಿ
9 ಆಗಸ್ಟ್ 2003, ಶನಿವಾರ

ಪ್ರೀತಿಯ ಸುಕನ್ಯಾಗೆ,

ನಿನ್ನ ರುದ್ರಿಯ ನಮಸ್ಕಾರ. ಎರಡು ತಿಂಗಳಿಂದ ಕಾಗದ ಬರೆದಿಲ್ಲ, ತಪ್ಪಾಯಿತು. ಕೊಟ್ಟೂರಿನ ಹೈಸ್ಕೂಲು ಬಿಟ್ಟ ಮೇಲೆ ನಾವು ಇಷ್ಟು ದಿನ ಸುಮ್ಮನಿದ್ದದ್ದು ನನಗಂತೂ ನೆನಪಿಲ್ಲ. ಮಾತಾದರೂ ಆಡೋಣ ಅಂತ ಮೊನ್ನೆ ಕುಂಟುತ್ತ ಎಸ್‌ಟಿಡಿ ಬೂತಿಗೆ ಹೋಗಿದ್ದೆ. ನಿನ್ನ ದೊಡ್ಡ ಮಗಳು ಫೋನೆತ್ತಿ, "ಅವ್ವ ಮನಿಯಾಗಿಲ್ರಿ, ಮಾಗಳ ಊರಿಗಿ ಹೋಗ್ಯಾಳ" ಅಂದಳು. ಅವಳ ಹಿಂದೆಯೇ ನಿನ್ನ ಕೆಮ್ಮು ಕೇಳಿತು. ಜೇಷ್ಠಮಧು ಬಾಯಲ್ಲಿಟ್ಟುಕೋ, ಮುಂಚೆ ನಿನಗೆ ಅದರಿಂದ ಕಡಿಮೆಯಾಗುತ್ತಿತ್ತು.

ನನ್ನ ಕಾಲಿನ ಸುದ್ದಿ ಕೇಳು. ಹೊಲಿಗೆ ಯಂತ್ರದ ಪೆಡಲಿನ ಅಂಚು ಉಜ್ಜಿ ಆದ ಗಾಯ, ಜೋಮು ಹಿಡಿದ ಕಾಲಿಗೆ ಗೊತ್ತೇ ಆಗಲಿಲ್ಲ. ಕಿರುಬೆರಳು ದಾವಣಗೆರೆಯ ಆಸ್ಪತ್ರೆಯಲ್ಲೇ ಹೋಯಿತು, ನೀನೂ ಮೋಸಂಬಿ ತಗೊಂಡು ನೋಡಲು ಬಂದಿದ್ದೆ. ಈಗ ಪಕ್ಕದ ಬೆರಳೂ ಕಪ್ಪಗಾಗುತ್ತಿದೆ. "ದಿನಾ ಸಕ್ಕರಿ ನೋಡ್ಕೊಂಡು ಇನ್ಸುಲಿನ್ ತಗೊಂಡ್ರ ಉಳೀತೈತಮ್ಮ, ಇಲ್ಲಾಂದ್ರ ಪಾದಕ್ಕ ಬರತೈತಿ" ಅಂದಿದ್ದಾರೆ ಡಾಕ್ಟರು. ನೋಡಿಕೊಳ್ಳುವುದು ಹೇಗೆ? ರಕ್ತದ ಹನಿ ಹಾಕಿ ನೋಡುವ ಪಟ್ಟಿಗಳು ಮುಗಿದು ತಿಂಗಳಾಯಿತು. ಒಂದೇ ಸೂಜಿಯನ್ನು ಹದಿನೈದು ದಿನದಿಂದ ಚುಚ್ಚಿಕೊಳ್ಳುತ್ತಿದ್ದೇನೆ, ಮೊನೆ ಮೊಂಡಾಗಿದೆ. ನಮ್ಮಲ್ಲಿ ಫ್ರಿಜ್ ಇಲ್ಲವಲ್ಲ, ಇನ್ಸುಲಿನ್ ಸೀಸೆ ಓಬಳೇಶನ ಸೋಡಾ ಅಂಗಡಿಯಲ್ಲಿರುತ್ತದೆ. ನಿನ್ನೆ ಅವನು, "ಯಕ್ಕಾ, ಸೀಸೆ ತಳ ಕಾಣಾಕತ್ತೈತಿ" ಅಂದ. ನನಗೇನು ಕಾಣುವುದಿಲ್ಲವೇ.

ಇದಕ್ಕೆಲ್ಲ ವಿಮೆ ಇದೆ ಅಂತ ಧೈರ್ಯವಾಗಿದ್ದೆ. ಆಸ್ಪತ್ರೆ ಖರ್ಚಿನ ಜೊತೆಗೆ ಮನೆಗೆ ಬಂದ ಮೇಲೂ ಅರವತ್ತು ದಿನ ಇನ್ಸುಲಿನ್, ಸೂಜಿ, ಪಟ್ಟಿ ಎಲ್ಲ ಅದರಲ್ಲೇ ಬರುತ್ತವೆ ಅಂತ ಹೇಳಿದ್ದು ಏಜೆಂಟರಾದ ನಿನ್ನ ಗಂಡ ಕೊಟ್ರಸ್ವಾಮಿಯವರೇ. ಮೂರು ವರ್ಷದ ಹಿಂದೆ ನಮ್ಮ ಕಟ್ಟೆಯ ಮೇಲೆ ಕೂತು ಫಾರಂ ತುಂಬಿದವರೂ ಅವರೇ. ಮೊದಲೇ ಕಾಯಿಲೆ ಏನಾದರೂ ಇದೆಯೇ ಅನ್ನುವ ಸಾಲು ಬಂದಾಗ, "ನನಗ ಸಕ್ಕರಿ ಐತ್ರಿ" ಅಂತ ಬಾಯಿಬಿಟ್ಟು ಹೇಳಿದೆ. "ಸುಮ್ನಿರ್ರಿ ರುದ್ರಕ್ಕ, ಎಲ್ಲಾರೂ ಇಲ್ಲಂತನ ಬರಸ್ತಾರ. ಮುಂದಿಂದು ನಾ ನೋಡ್ಕೋತೀನಿ" ಅಂದರು. ಗೊತ್ತಿದ್ದೂ ಸಹಿ ಹಾಕಿದ್ದು ನನ್ನ ತಪ್ಪು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಕಾಯಿಲೆ ಮುಚ್ಚಿಟ್ಟಿದ್ದೀರಿ, ಏನೂ ಕೊಡುವುದಿಲ್ಲ ಅಂತ ಕಂಪನಿಯಿಂದ ಪತ್ರ ಬಂತು. ಏನು ಆಧಾರ ಅಂತ ಕೇಳಿ ಬರೆದೆ. ಕಳೆದ ವಾರ ದಪ್ಪ ಲಕೋಟೆ ಕಳಿಸಿದರು. ಒಳಗೆ ಕೊಟ್ರಸ್ವಾಮಿಯವರ ಹೇಳಿಕೆ, ನನ್ನ ಕಾಯಿಲೆ ಅವರಿಗೆ ಗೊತ್ತೇ ಇರಲಿಲ್ಲವಂತೆ. ಅದಕ್ಕೆ ಪಿನ್ ಹಾಕಿದ ಒಂದು ಝೆರಾಕ್ಸ್. ನೋಡಿದರೆ ನನ್ನದೇ ಅಕ್ಷರ, ಐದು ವರ್ಷದ ಹಿಂದೆ ಶ್ರಾವಣದಲ್ಲಿ ನಿನಗೆ ಬರೆದ ಕಾಗದ. ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು, ಅತ್ತೆಯ ಕಿವಿಗೆ ಬಿದ್ದರೆ ರೋಗದ ಹೆಣ್ಣು ಕೊಟ್ಟರು ಅಂತ ನನ್ನ ತವರಿನವರನ್ನು ಅಂತಾರೆ, ಹೊಟ್ಟೆಯಲ್ಲಿಟ್ಟುಕೋ ಅಂತ ಬರೆದಿದ್ದೆನಲ್ಲ, ಅದು. ಕೊನೆಯಲ್ಲಿ 'ಓದಿ ಒಲೆಗೆ ಹಾಕು' ಅಂತ ಬರೆದು ಅಡಿಗೆರೆ ಎಳೆದಿದ್ದೆ. ಆ ಗೆರೆಯೂ ಝೆರಾಕ್ಸಿನಲ್ಲಿ ಸರಿಯಾಗಿ ಬಂದಿದೆ.

ನಮ್ಮನೆಯವರು ಅದನ್ನು ಓದಿ, "ನಿನ್ನ ಗೆಳತಿನ ಕೊಟ್ಟಾಳ ನೋಡು" ಅಂದರು. ನಾನು ಅವರ ಮೇಲೇ ಹರಿಹಾಯ್ದೆ. "ಸುಕನ್ಯಾ ಅಂಥಾಕಿ ಅಲ್ಲ. ಪೆಟಗಿಯಾಗ ಇಟ್ಟಿದ್ದನ್ನ ಆಕಿಗಿ ತಿಳೀದಂಗ ಅವರು ತಗದಾರ" ಅಂದೆ. ಗೊತ್ತಿದ್ದೂ ಸುಳ್ಳು ಬರೆಸಿದ್ದು ಕಂಪನಿಗೆ ತಿಳಿದರೆ ಏಜೆನ್ಸಿ ಹೋಗುತ್ತದೆ ಅಂದಾಗ ಗಂಡಸು ಹಾಗೆ ಮಾಡಿಯಾನು. ನೀನು ಅದನ್ನು ಸುಡದೆ ಇಟ್ಟುಕೊಂಡದ್ದೂ ನನ್ನ ಮೇಲಿನ ಪ್ರೀತಿಗೇ ಇರಬೇಕು. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತ ಮೂರು ದಿನ ಗಿರಾಕಿಗಳ ರವಿಕೆಗೆ ಹುಕ್ಕು ಹಚ್ಚುತ್ತ ಕೂತೆ.

ಈ ಕಾಗದ ಪಾಲಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮ್ಮ ಓಣಿಯಲ್ಲಿ ಹೂ ಮಾರುತ್ತಾಳೆ, ಮಲ್ಲಿಗೆ ತರಲು ನಿಮ್ಮೂರು ಹಡಗಲಿಗೆ ಬರುತ್ತಾಳೆ. ನಿನ್ನ ಕೈಗೇ ಕೊಡಬೇಕು, ಮನೆಯಲ್ಲಿ ಬೇರೆ ಯಾರಿಗೂ ಬೇಡ ಅಂತ ಹೇಳಿದ್ದೇನೆ. ನಿನ್ನ ಮೂವರು ಮಕ್ಕಳೂ ಚೆನ್ನಾಗಿ ಓದಲಿ. ಅವರ ಕಾಲಿಗೆ ಒಂದು ಮುಳ್ಳೂ ಚುಚ್ಚದಿರಲಿ.

ಇಂತಿ,
ತಿಪ್ಪೇರುದ್ರಮ್ಮ

ತಾ.ಕ.: ನಿನ್ನೆ ಬಾಗಿಲ ಬೆಳಕಿಗೆ ಕೂತು ಆ ಝೆರಾಕ್ಸನ್ನು ಮತ್ತೆ ಓದಿದೆ. ನಡುವೆ ನಾಲ್ಕು ಸಾಲಿನ ಜಾಗ ಬಿಳಿಯಾಗಿದೆ. ಅಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿದ ಅಂಚು ಕಾಣುತ್ತದೆ. ಆ ಸಾಲುಗಳು ನನಗೆ ನೆನಪಿವೆ. ಮೂರನೆಯವಳು ಹುಟ್ಟಿದ ಮೇಲೆ ನೀನು ಗಂಡನಿಗೆ ತಿಳಿಸದೆ ನನ್ನ ಜೊತೆ ಹೊಸಪೇಟೆಗೆ ಬಂದು ಇನ್ನು ಮಕ್ಕಳಾಗದಂತೆ ಮಾಡಿಸಿಕೊಂಡೆಯಲ್ಲ, ಆ ಮಾತು. ಗಂಡುಮಗು ಬೇಕು ಅಂತ ಹರಕೆ ಹೊತ್ತಿರುವ ಮನುಷ್ಯ ಅದನ್ನು ಓದಿದ್ದರೆ ಮುಚ್ಚಿಡುತ್ತಿದ್ದರೇ? ನೀನೇ ಕೂತು ಪೂರ್ತಿ ಓದಿದ್ದೀಯ, ನಿನ್ನದನ್ನು ಮುಚ್ಚಿದ್ದೀಯ, ನನ್ನದನ್ನು ಬಿಟ್ಟು ಝೆರಾಕ್ಸ್ ಮಾಡಿಸಿ ಅವರ ಕೈಗೆ ಕೊಟ್ಟಿದ್ದೀಯ. ಬೆರಳು ತೆಗೆದಾಗಲೂ ನನಗೆ ಇಷ್ಟು ನೋವಾಗಿರಲಿಲ್ಲ ಸುಕನ್ಯಾ.

ಆ ಮಾತನ್ನು ನಮ್ಮನೆಯವರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಇದನ್ನು ಓದಿ ಒಲೆಗೆ ಹಾಕು. ಆಗ ನನ್ನ ಸಲುವಾಗಿ ಹಾಗೆ ಬರೆದಿದ್ದೆ, ಈಗ ನಿನ್ನ ಸಲುವಾಗಿ ಬರೆಯುತ್ತಿದ್ದೇನೆ.