ದೇವರ ಕೆಳಗಿನ ಹಲಗೆ

ಮಿಸ್ತ್ರಿ ಕಾಕಾ,

'ಇತ್ತ ಎಲ್ಲ ಕ್ಷೇಮ' ಎಂದು ಬರೆದು ಹೊಡೆದುಹಾಕಿದೆ. ನೀವು ಮೂಡಲಗಿಯ ಮಣ್ಣಿಗೆ ಸೇರಿ ಒಂದೂವರೆ ತಿಂಗಳಾಯಿತು. ಹನ್ನೊಂದು ವರ್ಷ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಳೆಯ ಮಾತು, ಜೋಳದ ಮಾತು ಆಡಿದೆ. ಆಡಬೇಕಾದ ಒಂದನ್ನು ಮಾತ್ರ ಆಡಲಿಲ್ಲ. ಇನ್ನು ಉತ್ತರ ಬರುವ ಭಯವಿಲ್ಲ ಎಂದು ಬರೆಯುತ್ತಿದ್ದೇನೆಯೇ? ಇದ್ದೀತು.

ಹುಕ್ಕೇರಿಯಿಂದ ನಾನು ಕೆಲಸಕ್ಕೆ ಬಂದ ಮೊದಲ ದಿನ ನೆನಪಾಗುತ್ತದೆ. ಗೋಕಾಕ ಫಾಲ್ಸಿನ ನೀರಿನಿಂದ ಹುಟ್ಟಿದ ಕರೆಂಟು ನಮ್ಮ ದುರಸ್ತಿ ಕಾರ್ಖಾನೆಗೂ ಬಂದಿತ್ತು. ಅದರ ಹಿಂದೆಯೇ ಕಬ್ಬಿಣದ ಮೈಯ ಕರೆಂಟಿನ ಬೈರಿಗೆಯೂ ಬಂದಿತ್ತು. ನಾನು ಅದಕ್ಕೆ ಕೈ ಚಾಚಿದಾಗ ನೀವು ತಡೆದಿರಿ. “ಕೈ ಆಮ್ಯಾಲ. ಮೊದಲ ಕಾಲು ಎಲ್ಲಿ ಅದಾವ ನೋಡು.” ನಿಮ್ಮ ಕಾಲ ಕೆಳಗೆ, ಕರೆಂಟು ಮೈ ಹಾದು ನೆಲಕ್ಕೆ ಇಳಿಯದಂತೆ, ಒಂದು ಒಣ ಸಾಗುವಾನಿ ಹಲಗೆ ಇತ್ತು. ಅದರ ಮೇಲೆ ನಿಲ್ಲದೆ, ಕೈ ಒರೆಸಿಕೊಳ್ಳದೆ, ಧೋತರದ ಚುಂಗು ಬಿಗಿಯಾಗಿ ಸಿಕ್ಕಿಸಿಕೊಳ್ಳದೆ ನೀವು ಗುಂಡಿ ಒತ್ತುತ್ತಿರಲಿಲ್ಲ. ಬೈರಿಗೆಯ ಮೊನೆ ಬದಲಿಸುವಾಗ ತಂತಿಯನ್ನು ಗೋಡೆಯಿಂದ ಕಿತ್ತು, ಅದರ ತುದಿಯನ್ನು ಕಣ್ಣೆದುರಿಗೇ ಇಟ್ಟುಕೊಳ್ಳುತ್ತಿದ್ದಿರಿ. “ಹಲಿಗಿ ಸ್ವಾಮಿಗಳು ಪೀಠ ಏರಿದರು” ಎಂದು ಹಿಂದಿನಿಂದ ಜನ ಕುಹಕವಾಡುತ್ತಿದ್ದರು. ನಿಮಗೆ ಕೇಳುತ್ತಿತ್ತು. “ಏರೂದು ದೊಡ್ಡದಲ್ಲಪಾ, ಜೀವಂತ ಇಳೀಬೇಕಲ್ಲ,” ಎನ್ನುತ್ತಿದ್ದಿರಿ.

ಆ ವರ್ಷದ ಖಂಡೇಪೂಜೆ, ದಸರೆಯ ಆಯುಧಪೂಜೆ. ಹತ್ಯಾರಗಳನ್ನು ಕೂರಿಸಲು ಮಣೆ ಸಾಲಲಿಲ್ಲ. ನಾನೇ ನಿಮ್ಮ ಹಲಗೆಯನ್ನು ಎತ್ತಿ, ಮೇಲೊಂದು ಕೆಂಪು ಅರಿವೆ ಹಾಸಿ, ಎಲ್ಲವನ್ನೂ ಸಾಲಾಗಿ ಇಟ್ಟೆ. ಬೈರಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ವಿಭೂತಿ ಹಚ್ಚಿದೆ. ಎದುರಿಗೆ ಒಡೆದ ಕಾಯಿಯ ನೀರು ಅದರ ಮೇಲೂ ಹಾರಿತು. ಮರುದಿನ ಪೂಜೆ ಎತ್ತುವ ಮೊದಲು ಹಿರಿಯರು ಒಂದೊಂದು ಹತ್ಯಾರದಿಂದ ಒಂದೊಂದು ಶಕುನದ ಕೆಲಸ ಮಾಡುವುದು ನಮ್ಮ ರೂಢಿ. ಬೈರಿಗೆಯಿಂದ ಒಂದು ತೂತು, ಅಷ್ಟೆ. ಪೂಜೆ ಇನ್ನೂ ಕೂತಿದೆ ಎಂದು ಎಲ್ಲರ ಚಪ್ಪಲಿ ಹೊರಗೆ. ಬೆಳಿಗ್ಗೆ ಸೆಗಣಿಯಿಂದ ಸಾರಿಸಿದ ನೆಲ ಇನ್ನೂ ಆರಿರಲಿಲ್ಲ.

ನೀವು ಸುತ್ತ ನೋಡಿದಿರಿ. “ಹಲಿಗಿ ಎಲ್ಲಿಟ್ಟಿಯೋ ಸಿದ್ದಾ?”

“ಅದರ ಮ್ಯಾಲ ದೇವರು ಕುಂತಾವ್ರಿ.”

“ಎಬ್ಬಸು. ಹಲಿಗಿ ಕೊಡು.”

“ಒಂದ ತೂತು ಅಲ್ಲೇನ್ರಿ ಕಾಕಾ? ದೇವರಿಗಿಂತ ನಿಮ್ಮ ಹಲಿಗಿ ದೊಡ್ಡದಾತೇನ್ರಿ?”

ಎಲ್ಲರೂ ನಕ್ಕರು. ನನ್ನ ಮಾತಿಗೆ ಅಷ್ಟು ಜನ ನಕ್ಕದ್ದು ಅದೇ ಮೊದಲು. ಆ ಸುಖ ಈಗಲೂ ನೆನಪಿದೆ, ಅದೇ ಹೇಸಿಗೆ. ನೀವು ನಗಲಿಲ್ಲ. ಹೂ ಸರಿಸಿ ಬೈರಿಗೆ ಎತ್ತಿಕೊಂಡಿರಿ. ಯಾಕೆ ಎತ್ತಿಕೊಂಡಿರಿ? ದೇವರ ಮುಂದೆ ಹಟ ಬೇಡವೆಂದೇ? ಅಥವಾ ಅಷ್ಟು ಜನರ ಎದುರು ನನ್ನನ್ನು ಗದರಲಾರದೆ...

ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಗುಂಡಿ ಒತ್ತಿದಿರಿ. ನಿಮ್ಮ ಬಾಯಿ ತೆರೆದದ್ದು ಕಂಡಿತು, ದನಿ ಬರಲಿಲ್ಲ. ಬಲಗೈ ಬೈರಿಗೆಯನ್ನು ಬಿಡುತ್ತಿರಲಿಲ್ಲ. ಯಾರೋ ನಿಮ್ಮನ್ನು ಹಿಡಿದೆಳೆಯಲು ಓಡಿದರು. ನಾನು ಅವರನ್ನು ನೂಕಿ ಗೋಡೆಯ ಸ್ವಿಚ್ಚು ಆರಿಸಿದೆ. ಮುಟ್ಟಬೇಡ, ಮೊದಲು ಕರೆಂಟು ಕಡಿ ಎಂದು ನೀವೇ ಕಲಿಸಿದ್ದಿರಿ. “ಸಿದ್ದ ಇದ್ದ ಅಂತ ಮಿಸ್ತ್ರಿ ಉಳದ” ಎಂದು ವಾರವೆಲ್ಲ ಊರು ನನ್ನ ಬೆನ್ನು ತಟ್ಟಿತು. ನಾನು ಬೆನ್ನು ಕೊಟ್ಟೆ. ನಿಮ್ಮ ಅಂಗೈ ಬೆಂದು, ಬೆರಳುಗಳು ಒಳಕ್ಕೆ ಮಡಿಚಿಕೊಂಡು ಹಾಗೆಯೇ ನಿಂತುಬಿಟ್ಟವು.

ಮ್ಯಾನೇಜರರ ಕೋಣೆಯಲ್ಲಿ ನೀವು ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಿರಿ. “ಹಲಿಗಿ ಕೇಳಿದ್ದರೇನು ಇವರು?” ಎಂದು ಅವರು ನನ್ನನ್ನು ಕೇಳಿದರು. “ಇಲ್ರಿ,” ಎಂದೆ. ನೀವು ನನ್ನ ಕಡೆ ತಿರುಗಿದಿರಿ. ಸಿಟ್ಟಿರಲಿಲ್ಲ. ಮೊನೆ ನೆಟ್ಟಗೆ ಕೂತಿದೆಯೋ ಇಲ್ಲವೋ ಎಂದು ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಿರಲ್ಲ, ಹಾಗೆ ನೋಡಿದಿರಿ. ಅಂದು ನಕ್ಕವರು ಹೊರಗೆ ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಪ್ಪು ನಿಮ್ಮದೇ ಎಂದು ಬರೆದುಕೊಂಡು ನಿಮ್ಮನ್ನು ಊರಿಗೆ ಕಳಿಸಿದರು. ನಿಮ್ಮ ಜಾಗ ನನಗೆ ಬಂತು, ಹಲಗೆಯ ಸಮೇತ.

ಕಳೆದ ವಾರ ಮೂಡಲಗಿಗೆ ಹೋಗಿದ್ದೆ. ನಿಮ್ಮ ಮನೆಯಲ್ಲಿ ಕಾಕು ಒಬ್ಬರೇ ಜೋಳ ಕೇರುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಮೊರ ನಿಂತಿತು. ನೀವು ಅವರಿಗೂ ಹೇಳಿರಲಿಲ್ಲ ಎಂದು ಆಗ ತಿಳಿಯಿತು.

“ಎಡಗೈಯಾಗ ಲಿಂಗ ಇಟಗೊಂಡು, ಬಲಗೈಲೆ ವಿಭೂತಿ ಹಚ್ಚಾಕ ಬರಲಾರದ, ದಿನಾ ಒದ್ದಾಡತಿದ್ದರು,” ಎಂದರು. “ನೀ ಹೊರಗ ಕಟ್ಟಿ ಮ್ಯಾಲ ಕುಂತು ನನ್ನ ಕೈಲೆ ಚಾ ಇಸಗೊಂಡು ಕುಡೀತಿದ್ದಿ.”

ಕಾಕು ಮೊರದಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

“ಈಗ ನನ್ನ ಮುಂದ ಹೇಳಿ ಹಗುರಾಗಾಕ ಬಂದೀಯೇನು? ಅಲ್ಲಿ ಹೇಳು, ನಕ್ಕ ಮಂದಿ ಮುಂದ.”

ಮೊರ ಮತ್ತೆ ಆಡತೊಡಗಿತು. ಚಹಾ ಬೇಕೇ ಎಂದು ಕಾಕು ಕೇಳಲಿಲ್ಲ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಕ್ಷಮಿಸಲಿ ಎಂದು ಕಾದೆನೇ? ಕಾದೆ ಎಂದು ಬರೆಯುವುದಕ್ಕೂ ನಾಚಿಕೆ.

ನಿನ್ನೆ ಈ ವರ್ಷದ ಖಂಡೇಪೂಜೆ. ಇಂದು ಬೆಳಿಗ್ಗೆ ಶಕುನದ ತೂತು ಹಾಕುವ ಸರದಿ ಬಂತು. ವಿಲಾಯತಿಯ ಯುದ್ಧದಿಂದಾಗಿ ಹೊಸ ಬೈರಿಗೆ ಬರುವುದು ನಿಂತಿದೆ. ನಿಮ್ಮ ಕೈ ಸುಟ್ಟ ಅದೇ ಬೈರಿಗೆಗೆ ಹೊಸ ತಂತಿ ಹಾಕಿ ನಡೆಸುತ್ತಿದ್ದೇವೆ. ಅಂದು ನಕ್ಕವರಲ್ಲಿ ಆರು ಜನ ಇದ್ದರು, ಹೊಸ ಮ್ಯಾನೇಜರರೂ ಇದ್ದರು. ನಾನು ಬೈರಿಗೆ ಎತ್ತಲಿಲ್ಲ. “ಮಿಸ್ತ್ರಿ ಕಾಕಾ ಹಲಿಗಿ ಕೇಳಿದ್ದರು. ನಾ ಕೊಡಲಿಲ್ಲ. ಕೇಳಲಿಲ್ಲ ಅಂತ ಸುಳ್ಳು ಹೇಳಿ ಅವರ ಜಾಗಾಕ್ಕ ಕುಂತೆ,” ಎಂದೆ. ಈ ಸಲ ಯಾರೂ ನಗಲಿಲ್ಲ. ಒಬ್ಬ ತಲೆ ತಗ್ಗಿಸಿ ಊದುಬತ್ತಿಯ ಬೂದಿ ಕೊಡವಿದ.

“ನಾಳೆ ಮುಂಜಾನೆ ಕೋಣೀಗಿ ಬಾ,” ಎಂದರು ಮ್ಯಾನೇಜರರು.

ಅದೇ ಕೋಣೆ, ಕಾಕಾ. ಜಾಗ ಹೋಗುತ್ತದೆ ಎಂದು ಮನೆಯಲ್ಲಿ ಹೇಳಿದ್ದೇನೆ. ನಿಮ್ಮ ಕೈಗೆ ಅದರಿಂದ ಏನೂ ಆಗುವುದಿಲ್ಲ, ಗೊತ್ತು. ಆದರೂ ಬರೆದಿಟ್ಟ ಆ ಹಳೆಯ ಕಾಗದವನ್ನು ತೆಗೆಸಿ, ಹಲಗೆ ಕೇಳಿದ್ದರೇನು ಎಂಬಲ್ಲಿ ತಿದ್ದಿಸುತ್ತೇನೆ. ಕೇಳಿದ್ದರು. ಎರಡು ಸಲ ಕೇಳಿದ್ದರು.

ನಿಮ್ಮ
ಸಿದ್ದಪ್ಪ