ಅಜ್ಜಿಯೂ ಲಿಫ್ಟೂ, ಕೊನೇ ಚೌಕ

ಮೂರನೇ ಮಹಡಿ, ಬಾಲ್ಕನಿ
೧೪ನೇ ತಾರೀಕು, ಭಾನುವಾರ

ನನ್ನ ಮುದ್ದಿನ ಅಜ್ಜೀ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದ್ರು, ಆದ್ರೆ ಇನ್ನೂ ಸ್ವಲ್ಪ ದಿನ ಏನೂ ಓದಬಾರದು ಅಂದ್ರಂತೆ, ಅಪ್ಪ ಹೇಳಿದ್ರು. ಬಗ್ಗಬೇಡ, ಕಣ್ಣು ಉಜ್ಜಬೇಡ, ಡಾಕ್ಟರ ಹತ್ರ ಜಗಳ ಆಡಬೇಡ. ಈ ಕಾಗದ ಅತ್ತೆ ಓದಿ ಹೇಳ್ತಾಳೆ ಅಂತ ಗೊತ್ತು. ಅತ್ತೇ, ಮಗಳಾಗಿ ಹುಟ್ಟಿದ್ದಕ್ಕೆ ಇಷ್ಟಾದ್ರೂ ಮಾಡು, ಮಧ್ಯೆ ಮಧ್ಯೆ ಹಾರಿಸಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದೀವಿ. ನಮ್ಮ ಬಿಲ್ಡಿಂಗಿನ ಲಿಫ್ಟೂ ಚೆನ್ನಾಗಿದೆ, ನೀನು ಅತ್ತೆ ಮನೆಗೆ ಹೋದಾಗಿಂದ ಬೈಯೋರಿಲ್ಲದೆ ಕೊಬ್ಬಿದೆ.

ಪ್ರೆಸ್ಸಲ್ಲಿ ವಾರಪತ್ರಿಕೆ ಕಟ್ಟು ಕಟ್ಟೋ ಕೆಲಸ ನಾನಿನ್ನೂ ಬಿಟ್ಟಿಲ್ಲ. ನಂಬಕ್ಕಾಗಲ್ಲ ಅಲ್ವಾ? ಅಲ್ಲಿ ಚಿತ್ರ ಬರೆಯೋರೊಬ್ಬರಿದ್ದಾರೆ. ಜೇಬಲ್ಲಿ ಯಾವಾಗ್ಲೂ ಇಂಕಿನ ಕಲೆ, ಅದಕ್ಕೇ ಇಂಕಣ್ಣ ಅಂತೀವಿ. ಕೊನೇ ಪುಟದ ಪದಬಂಧ ತೆಗೆದು ಒಂದು ಕಾಮಿಕ್ಸ್ ಹಾಕಿ ನೋಡೋಣ ಅಂತ ಸಂಪಾದಕರು ಇಂಕಣ್ಣಂಗೆ ಅಂದಿದ್ದು ನನ್ನ ಕಿವಿಗೆ ಬಿತ್ತು. ಕಟ್ಟು ಅಲ್ಲೇ ಎಸೆದು ಹೋಗಿ, ನಾನು ಬರೆದುಕೊಡ್ಲಾ ಅಂತ ಸಂಪಾದಕರನ್ನ ಕೇಳಿಬಿಟ್ಟೆ. ಒಂದೇ ಒಂದು ಅವಕಾಶ, ಸರಿ ಬರಲಿಲ್ಲ ಅಂದ್ರೆ ಪದಬಂಧಾನೇ ವಾಪಸ್ ಅಂದ್ರು.

ನೀನೂ ಲಿಫ್ಟೂ ಜಗಳ ಆಡಿದ್ದನ್ನೇ ಬರೆದೆ. ತರಕಾರಿ ಚೀಲ ಬಾಗಿಲಿಗೆ ಸಿಕ್ಕಿಕೊಂಡ ದಿನ ನೀನು ಅಂದ್ಯಲ್ಲ, "ಬಾಗಿಲು ಹಾಕ್ಕೊಂಡ ಮಾತ್ರಕ್ಕೆ ದೊಡ್ಡ ಮನುಷ್ಯ ಆಗಲ್ಲ ಕಣೋ" ಅಂತ. ಒಳಗಿದ್ದ ಟೈಲರು ತನಗೇ ಬೈದ್ರು ಅಂತ ಒಂದು ವಾರ ಮುಖ ಊದಿಸ್ಕೊಂಡು ಓಡಾಡಿದ್ರು.

ಇಂಕಣ್ಣ ನೋಡಿ ನಕ್ಕರು. ಚಿತ್ರ ನೋಡಿ ಅಲ್ಲ, ನನ್ನ ನೋಡಿ. "ನಿಮ್ಮಜ್ಜಿ ಮಾತೆಲ್ಲ ಇದೆ, ನಿಮ್ಮಜ್ಜೀನೇ ಇಲ್ವಲ್ಲೋ!" ನಿಜ. ಚಿತ್ರ ಮೊದಲು ಬರೆದು ಆಮೇಲೆ ಮಾತು ತುರುಕಿದ್ದೆ. ಬಲೂನು ಹೋಗಿ ನಿನ್ನ ಮುಖದ ಮೇಲೇ ಕೂತಿತ್ತು, ಕೆಳಗೆ ಬರೀ ಚಪ್ಪಲಿ. (ಅತ್ತೇ, ಬಲೂನು ಅಂದ್ರೆ ಮಾತು ಬರೆಯೋ ಗುಳ್ಳೆ, ಊದೋದಲ್ಲ.) ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕ್ದಂಗೆ ಮೊದಲು ಮಾತಿಗೆ ಜಾಗ ಹಿಡೀಬೇಕಂತೆ, ಆಮೇಲೆ ಮನುಷ್ಯರು. ಮೊದಲು ಮಾತಾಡೋರು ಎಡಗಡೆ ಇರಬೇಕು. ನಾನು ಲಿಫ್ಟನ್ನ ಎಡಕ್ಕೆ ನಿಲ್ಲಿಸಿದ್ದೆ, ನೀನು ಬಾಯಿ ತೆಗೆಯೋ ಮುಂಚೇನೇ ಅದು 'ಟಿಂಗ್' ಅಂತ ಎದುರುತ್ತರ ಕೊಡ್ತಿತ್ತು. ನಿನ್ನ ಮುಂದೆ ಆ ಧೈರ್ಯ ಯಾರಿಗಿದೆ? "ಅಯ್ಯೋ, ಚೀಲ ಸಿಕ್ಕಿಕೊಳ್ತು" ಅಂತ ಬೇರೆ ಬರೆದಿದ್ದೆ. ಚಿತ್ರದಲ್ಲೇ ಕಾಣ್ತಿದೆ, ಬಾಯಿ ಯಾಕೆ ನೋಯಿಸ್ತೀಯ ಅಂತ ಅದನ್ನ ಹೊಡೆದುಹಾಕಿದ್ರು.

ಮನೆಗೆ ಬಂದು ಎಲ್ಲ ಮತ್ತೆ ಬರೆದೆ. ಬೆಳಿಗ್ಗೆಯಿಂದ ಒಂದೇ ಕಡೆ ಕೂತಿದ್ದು ನೋಡಿ ಅಮ್ಮ ಬಂದು ಹಣೆ ಮುಟ್ಟಿ ನೋಡಿದ್ಲು, ಜ್ವರ ಅಂದ್ಕೊಂಡು.

ಈ ಸಲ ಇಂಕಣ್ಣ ಪುಟಾನ ಗೋಡೆಗೆ ಅಂಟಿಸಿ, ಬಾಗಿಲ ತನಕ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದ್ರು. ಮಬ್ಬಾಗಿ ಕಂಡ್ರೂ ಯಾರು ಯಾರು ಅಂತ ಗೊತ್ತಾಗಬೇಕಂತೆ. ನಂಗೆ ನಗು ತಡೆಯಕ್ಕಾಗಲಿಲ್ಲ ಅಜ್ಜಿ! ಪೊರೆ ಬಂದ ಕಣ್ಣಲ್ಲಿ ನೀನು ಇಷ್ಟು ದಿನ ಮಾಡಿದ್ದು ಇದೇ ತಾನೇ? ನಾನು ಬರೆದ ಚಿತ್ರ ಹಿಡ್ಕೊಂಡು "ಇದು ಕತ್ತೆನೋ, ನಿಮ್ಮಪ್ಪನೋ?" ಅಂತ ನೀನು ಕೇಳ್ತಿದ್ದೆ. ನಿಂಗೆ ಗುರುತು ಸಿಗೋ ತನಕ ನಾನು ಅಪ್ಪನ ಮೂಗು ಬೆಳೆಸ್ತಾ ಹೋಗ್ತಿದ್ದೆ. ಇಂಕಣ್ಣ ಬಾಗಿಲಿಂದಲೇ "ತುರುಬು, ಚೀಲ, ಸೊಂಟದ ಮೇಲೆ ಕೈ. ಇವರೇ ಅಜ್ಜಿ" ಅಂದ್ರು. ಕಾಮಿಕ್ಸಿನ ಎಲ್ಲ ಚೌಕಾನೂ ಒಪ್ಪಿದ್ರು, ಕೊನೇದೊಂದು ಬಿಟ್ಟು.

ಈಗ ನಿಂಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತೆ, ನನ್ನ ಗೆರೆ ಎಷ್ಟು ಸೊಟ್ಟ ಅಂತಾನೂ. ಕಾಣ್ಲಿ ಬಿಡು. ಅಪ್ಪ ಅಮ್ಮ ನಮಸ್ಕಾರ ಹೇಳಿದ್ದಾರೆ. ಮೂಗಿನ ವಿಷ್ಯ ಅಪ್ಪಂಗೆ ಹೇಳಬೇಡ. ಅತ್ತೆಗೂ ಮಾವಂಗೂ ನನ್ನ ನಮಸ್ಕಾರ, ನಿಂಗೆ ಎರಡು ಮುತ್ತು, ಆಪರೇಷನ್ ಆದ ಕಣ್ಣು ಬಿಟ್ಟು.

ಕಾಲಿಗೆ ಕಟ್ಟಿದ ಚಕ್ರ ಸದ್ಯಕ್ಕೆ ಬಿಚ್ಚಿಟ್ಟಿರೋ,
ನಿನ್ನ ಮೊಮ್ಮಗ

ತಾ.ಕ.: ಕಾಗದ ಬರೆದಿದ್ದೇ ಇದಕ್ಕೆ. ಕೊನೇ ಚೌಕದಲ್ಲಿ ನೀನು ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಮೇಲೆ ಬಂದಿದೀಯ. ಲಿಫ್ಟು ನಿನಗಿಂತ ಮೊದಲೇ ಬಂದು, ಬಾಗಿಲು ತೆಗೆದುಕೊಂಡು, ತಪ್ಪಾಯ್ತು ಅನ್ನೋ ಥರ ನಿಂತಿದೆ. ನೀನು ಏನಂತೀಯ? ನಾನು ಬರೆದಿದ್ದೆಲ್ಲ ಸಪ್ಪೆ, ಇಂಕಣ್ಣನೂ ಹಾಗೇ ಅಂದ್ರು. ಶುಕ್ರವಾರದೊಳಗೆ ಮಾತು ಬರಲಿಲ್ಲ ಅಂದ್ರೆ ಪದಬಂಧ. ಫೋನಲ್ಲಿ ಕೇಳಿದ್ರೆ ನೀನು ಅರ್ಧ ಗಂಟೆ ಹೇಳ್ತೀಯ, ಅದಕ್ಕೇ ಖಾಲಿ ಬಲೂನು ಕತ್ತರಿಸಿ ಕವರಲ್ಲಿ ಇಟ್ಟಿದೀನಿ. ನೀನು ಹೇಳು, ಅತ್ತೆ ಅದರೊಳಗೆ ಬರೆದು ವಾಪಸ್ ಕಳಿಸ್ಲಿ. ಅತ್ತೇ, ಬೈಗುಳ ಇದ್ರೂ ತಿದ್ದಬೇಡ. ಆರೇ ಪದ, ಅಜ್ಜಿ. ಏಳನೇದು ಬಂದ್ರೆ ಬಲೂನು ಮತ್ತೆ ನಿನ್ನ ಮುಖದ ಮೇಲೆ ಕೂರುತ್ತೆ. ಈ ಸಲ ನಿನ್ನ ಮುಖ ಎಲ್ಲರಿಗೂ ಕಾಣಬೇಕು.